ವಿಂಡೋಸ್ 10 ಬಿಡಬೇಕೋ ಬೇಡವೋ: ಡಿಸ್ಕ್ ನಕಲು ಮಾಡಿ ತೀರ್ಮಾನಿಸಿದ ಬಗೆ

ಲ್ಯಾಪ್‌ಟಾಪ್ ಅಕ್ಕನದು. ಇಂಟೆಲ್ ಐ5-8250ಯು ಪ್ರೊಸೆಸರ್, 8 ಜಿಬಿ ಮೆಮೊರಿ, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್, 22ಎಚ್2 ಆವೃತ್ತಿ. ಕೊಂಡಾಗ ಇದರಲ್ಲಿ ವಿಂಡೋಸ್ ಇರಲಿಲ್ಲ, ಆಮೇಲೆ ಹಾಕಿಸಿದ್ದು. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ. ವಿಂಡೋಸ್ 10ರ ಬೆಂಬಲ ಮುಗಿಯಿತು ಅನ್ನುವ ಸಂದೇಶ ಪರದೆಯ ಮೇಲೆ ಪದೇ ಪದೇ ಬರುತ್ತಿತ್ತು. ಜೊತೆಗೆ ಈ ಪಿಸಿ ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತಲೂ ತೋರಿಸುತ್ತಿತ್ತು. ಅಕ್ಕ ಕೇಳಿದ್ದು ಒಂದೇ ಮಾತು: "ಚೆನ್ನಾಗೇ ನಡೀತಿದೆಯಲ್ಲೋ, ಯಾಕೆ ಮುಟ್ಟಬೇಕು?"

ಇದು ನ್ಯಾಯವಾದ ಪ್ರಶ್ನೆ. ನಡೆಯುತ್ತಿರುವ ಯಂತ್ರವನ್ನು ಸುಮ್ನೆ ಮುಟ್ಟಬಾರದು ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಹಾಗಾಗಿ ಅಪ್‌ಗ್ರೇಡ್ ಮಾಡಲೇಬೇಕು ಅಂತ ಮೊದಲೇ ನಿಶ್ಚಯಿಸಿ ಕೂರಲಿಲ್ಲ. ಯಂತ್ರವನ್ನು ಪರೀಕ್ಷಿಸುತ್ತಾ ಹೋಗಿ, ಕೈಗೆ ಸಿಕ್ಕ ಸಂಗತಿಗಳ ಮೇಲೆ ತೀರ್ಮಾನ ಮಾಡೋಣ ಅಂದುಕೊಂಡೆ. ಅದರ ದಾಖಲೆ ಇದು.

ಬೆಂಬಲ ಮುಗಿದರೆ ಆಗುವುದೇನು

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮಾರನೆಯ ದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಫೈಲುಗಳು ತೆರೆಯುತ್ತವೆ, ಬ್ರೌಸರ್ ನಡೆಯುತ್ತದೆ. ನಿಂತುಹೋಗುವುದು ಭದ್ರತೆಯ ತೇಪೆಗಳು, ಅಂದರೆ ವಿಂಡೋಸಿನ ಭದ್ರತೆಯ ತೂತುಗಳನ್ನು ಮುಚ್ಚುವ ಅಪ್‌ಡೇಟ್‌ಗಳು. ಹೊಸದಾಗಿ ಒಂದು ತೂತು ಪತ್ತೆಯಾದರೆ ಅದು ತೂತಾಗಿಯೇ ಉಳಿಯುತ್ತದೆ.

ತೇಪೆ ಹಾಕದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ 2017ರ ವಾನ್ನಾಕ್ರೈ ದಾಳಿಯನ್ನು ನೆನೆಯಬೇಕು. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ಸುಮಾರು ಎರಡು ತಿಂಗಳು ಕೈಯಲ್ಲಿದ್ದರೂ ತೇಪೆ ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ಅದು ಹರಡಿದ್ದು ನೆಟ್‌ವರ್ಕಿನ ಮೂಲಕ, ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ. ಹಾಗಾಗಿ "ನಾನು ಗೊತ್ತಿಲ್ಲದ ಲಿಂಕ್ ಒತ್ತುವುದಿಲ್ಲ" ಅನ್ನುವ ಎಚ್ಚರ ಒಂದೇ ಸಾಲುವುದಿಲ್ಲ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಯುತ್ತದೆ, ಬೇರೆಯವರ ಲೆಕ್ಕಪತ್ರಗಳೂ ಇವೆ. ಇಂಟರ್ನೆಟ್‌ಗೆ ಸೇರಿಸದೆ ಬರೀ ಟೈಪ್ ಮಾಡುವ ಯಂತ್ರವಾಗಿದ್ದರೆ ನಾನು ಇಲ್ಲಿಗೇ ಕೈಬಿಡುತ್ತಿದ್ದೆ.

ಡಿಸ್ಕ್ ನೋಡದೆ ಮುಂದೆ ಹೋಗುವಂತಿಲ್ಲ

ಲ್ಯಾಪ್‌ಟಾಪ್ ತುಂಬಾ ನಿಧಾನವಾಗಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಖಾಲಿ ಕೂತಿದೆ, ಡಿಸ್ಕ್ ಮಾತ್ರ 100 ಶೇಕಡಾ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿದೆ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂತು. ಅದು ತೋರಿಸುವ ಪಟ್ಟಿಯಲ್ಲಿ ನಾನು ಮೊದಲು ನೋಡುವುದು ಎರಡು ಸಾಲು. 05 ಅನ್ನುವುದು ರೀಅಲೊಕೇಟೆಡ್ ಸೆಕ್ಟರ್ (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಸಣ್ಣ ತುಂಡು ಜಾಗ), ಅಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಹೋದವು. ಸಿ5 ಅನ್ನುವುದು ಪೆಂಡಿಂಗ್ ಸೆಕ್ಟರ್, ಅಂದರೆ ಡಿಸ್ಕ್ ಓದಲಾಗದೆ ಬಾಕಿ ಇಟ್ಟಿರುವವು. ಇದರಲ್ಲಿ ಎರಡೂ ಸೊನ್ನೆಗಿಂತ ಮೇಲಿದ್ದವು. ನನಗೆ ಜಾಸ್ತಿ ಭಯ ಸಿ5ರದು. 05ರಲ್ಲಿರುವವಕ್ಕೆ ಬದಲಿ ಜಾಗ ಸಿಕ್ಕಿ ಆಗಿದೆ. ಸಿ5ರಲ್ಲಿರುವ ಜಾಗದಲ್ಲಿ ನಿಮ್ಮ ಯಾವುದೋ ಫೈಲಿನ ತುಂಡು ಸಿಕ್ಕಿಹಾಕಿಕೊಂಡಿರಬಹುದು.

ಓಎಸ್ (ವಿಂಡೋಸ್‌ನಂಥ ಮೂಲ ತಂತ್ರಾಂಶ) ಅಪ್‌ಗ್ರೇಡ್ ಅಂದರೆ ಡಿಸ್ಕಿಗೆ ದೊಡ್ಡ ಕೆಲಸ. ಹಳೆಯದನ್ನೆಲ್ಲ ಓದಬೇಕು, ಪಕ್ಕಕ್ಕೆ ಸರಿಸಬೇಕು, ಹೊಸದನ್ನು ಬರೆಯಬೇಕು. ನಡುವೆ ಎಲ್ಲೋ ಓದಲಾಗದ ಸೆಕ್ಟರ್ ಸಿಕ್ಕಿದರೆ ಅರ್ಧಕ್ಕೆ ನಿಲ್ಲುತ್ತದೆ. ಈ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಬೇಡ. ಇದು ನಾನು ಮಾಡಿದ ಮೊದಲ ತೀರ್ಮಾನ.

ಇದರಿಂದಲೇ ಇಡೀ ಕೆಲಸದ ದಾರಿಯೂ ಸಿಕ್ಕಿತು. ಹೇಗಿದ್ದರೂ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಬೇಕು. ಹಳೆಯ ಡಿಸ್ಕನ್ನು ಅದಕ್ಕೆ ಇದ್ದಹಾಗೇ ನಕಲು ಮಾಡುವುದು. ಅಪ್‌ಗ್ರೇಡಿನ ಪ್ರಯೋಗವನ್ನು ನಕಲಿನ ಮೇಲೆ ಮಾಡುವುದು. ಅಕ್ಕ ತನ್ನ ನಿಜವಾದ ಕೆಲಸವನ್ನು ಅದರಲ್ಲಿ ಮಾಡಿ ನೋಡಿದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುವುದು. ಯಂತ್ರದ ಮುಂದೆ ಕೂತು ಎಷ್ಟು ಯೋಚಿಸಿದರೂ ಗೊತ್ತಾಗದ್ದು ಹೀಗೆ ಮಾಡಿದರೆ ಗೊತ್ತಾಗುತ್ತದೆ. ಹಿಂದಿರುಗುವ ದಾರಿ ಇಟ್ಟುಕೊಂಡೇ ಮುಂದೆ ಹೋಗಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ನಕಲು ಮಾಡಿದ ಬಗೆ

ಮೊದಲು ಮುಖ್ಯವಾದ ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದೆ. ಲೆಕ್ಕದ ಫೈಲು, ಫೋಟೊ, ಸ್ಕ್ಯಾನ್ ಮಾಡಿದ ಪತ್ರಗಳು. ಇಡೀ ಡಿಸ್ಕನ್ನು ಓದಿಸುವ ಕೆಲಸ ಕೆಟ್ಟ ಡಿಸ್ಕಿಗೆ ಭಾರ, ಅದು ನಡುವೆಯೇ ಕೈಕೊಡಬಹುದು. ಅದಕ್ಕೇ ಬೇಕಾದ್ದನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಕಾಪಿ ಆದ ಮೇಲೆ ಕೆಲವು ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ.

ಎಸ್‌ಎಸ್‌ಡಿ ಆರಿಸುವಾಗ ಅಳತೆ ನೋಡಿಕೊಳ್ಳಿ. ಸೆಕ್ಟರಿನಿಂದ ಸೆಕ್ಟರಿಗೆ ನಕಲು ಮಾಡುವುದಾದರೆ ಹೊಸದು ಹಳೆಯದರಷ್ಟಾದರೂ ಇರಬೇಕು. ಕೆಲವು ಎಸ್‌ಎಸ್‌ಡಿಗಳು 960 ಜಿಬಿ ಇರುತ್ತವೆ. 1 ಟಿಬಿ ಡಿಸ್ಕ್ ಅದರೊಳಗೆ ಹಿಡಿಯುವುದಿಲ್ಲ.

ಸಾಮಾನ್ಯ ಕ್ಲೋನಿಂಗ್ ಪ್ರೋಗ್ರಾಮುಗಳು ಕೆಟ್ಟ ಸೆಕ್ಟರ್ ಸಿಕ್ಕಿದರೆ ಅಲ್ಲೇ ನಿಂತುಬಿಡಬಹುದು. ಹಾಗಾಗಿ ಪೆನ್ ಡ್ರೈವಿನಿಂದ ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆಯೇ ಓಡುವ, ವಿಂಡೋಸಿಗೆ ಬದಲಿಯಾದ ಓಎಸ್) ಬೂಟ್ ಮಾಡಿ ಡಿಡಿರೆಸ್ಕ್ಯೂ ಬಳಸಿದೆ. ಇದು ಜಾಣ ಪ್ರೋಗ್ರಾಂ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಕಷ್ಟದ ಜಾಗ ಸಿಕ್ಕಿದರೆ ಅಲ್ಲಿ ಒದ್ದಾಡದೆ ಮುಂದೆ ಜಿಗಿಯುತ್ತದೆ. ಎಲ್ಲಿ ಬಿಟ್ಟೆ ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸುತ್ತುಗಳಲ್ಲಿ ಆ ಜಾಗಗಳಿಗೆ ಮಾತ್ರ ಮರಳಿ ಬರುತ್ತದೆ. ನಡುವೆ ಕರೆಂಟು ಹೋದರೂ ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯಬಹುದು. ಆದ್ದರಿಂದ ಅದನ್ನು ಲೈವ್ ಲಿನಕ್ಸಿನ ಮೆಮೊರಿಯಲ್ಲಿ ಇಡದೆ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇಟ್ಟೆ.

ಇಲ್ಲಿ ಉಸಿರು ಬಿಗಿಹಿಡಿಯಬೇಕಾದ ಜಾಗ ಒಂದಿದೆ. ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿ ಹಳೆಯ ಡಿಸ್ಕಿನ ಮೇಲೆ ಬರೆದುಹೋಗುತ್ತದೆ. ಡಿಸ್ಕುಗಳಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳನ್ನು ನಂಬಿ ಕೂರಬೇಡಿ, ಅವು ಬೂಟಿನಿಂದ ಬೂಟಿಗೆ ಬದಲಾಗಬಹುದು. ಡಿಸ್ಕಿನ ಮಾಡೆಲ್, ಸೀರಿಯಲ್ ನಂಬರ್ ಎರಡನ್ನೂ ಓದಿ, ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಎಂಟರ್ ಒತ್ತಿ.

ಕೊನೆಯ ಸುತ್ತಿನ ನಂತರವೂ ಒಂದು ಸಣ್ಣ ಜಾಗ ಓದಲಾಗದೆ ಉಳಿಯಿತು. ಆ ಜಾಗ ಯಾವ ಫೈಲಿನದು ಅಂತ ಎನ್‌ಟಿಎಫ್‌ಎಸ್‌ಕ್ಲಸ್ಟರ್ ಅನ್ನುವ ಸಾಧನದಿಂದ ಹುಡುಕಿದೆ. ವಿಂಡೋಸ್ ಅಪ್‌ಡೇಟ್ ಹಿಂದೆಂದೋ ಇಳಿಸಿಕೊಂಡಿದ್ದ ಫೈಲ್. ಹೋದರೆ ಹೋಗಲಿ.

ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ತೆಗೆದು ಡಿಸ್ಕ್ ಬದಲಿಸಿದೆ. ಹಳೆಯದು, ನಕಲು ಎರಡನ್ನೂ ಒಟ್ಟಿಗೆ ಜೋಡಿಸಿ ವಿಂಡೋಸ್ ಬೂಟ್ ಮಾಡಬೇಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಬೂಟ್ ಆಯಿತು. ಚೆಕ್‌ಡಿಸ್ಕ್ ಮತ್ತು ಸಿಸ್ಟಂ ಫೈಲ್ ಚೆಕರ್ ಓಡಿಸಿದೆ, ಸಣ್ಣಪುಟ್ಟ ದೋಷ ಸರಿಪಡಿಸಿಕೊಂಡವು. ಆಕ್ಟಿವೇಶನ್ ಹಾಗೇ ಉಳಿದಿತ್ತು, ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿರುತ್ತದೆ.

ಯಂತ್ರದ ವೇಗ ನೋಡಿ ಅಕ್ಕ ಅಂದಳು: "ಇಷ್ಟು ಚುರುಕಾಯ್ತಲ್ಲ, ಇನ್ನೇನು ಬೇಕು?"

ಇಲ್ಲಿಗೇ ನಿಲ್ಲಬಹುದಿತ್ತೇ?

ನಿಲ್ಲಬಹುದಿತ್ತು. ಇಎಸ್‌ಯು ಅನ್ನುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಮನೆಬಳಕೆಯವರಿಗೂ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೇರಬೇಕು. ಸೇರಿದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಸಿಗುತ್ತವೆ. ತೇಪೆ ಮಾತ್ರ, ಬೇರೇನೂ ಇಲ್ಲ. ಅಷ್ಟರೊಳಗೆ ಹೊಸ ಕಂಪ್ಯೂಟರ್ ಕೊಳ್ಳುವ ಯೋಚನೆ ಇರುವವರಿಗೆ ಇದು ಒಳ್ಳೆಯ ತಂಗುದಾಣ. ಅಕ್ಕನಿಗೆ ಆ ಯೋಚನೆ ಇಲ್ಲ. ಎಸ್‌ಎಸ್‌ಡಿ ಹಾಕಿದ ಮೇಲಂತೂ ಈ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ಆರಾಮಾಗಿ ನಡೆಯುತ್ತದೆ. ಇಎಸ್‌ಯು ತೀರ್ಮಾನವನ್ನು ಮುಂದಕ್ಕೆ ತಳ್ಳುತ್ತದೆ ಅಷ್ಟೇ.

ಲಿನಕ್ಸ್ ಮಿಂಟ್ 22ನ್ನೂ ಪೆನ್ ಡ್ರೈವಿನಿಂದಲೇ ಓಡಿಸಿ ನೋಡಿದೆ. ಡಿಸ್ಕಿಗೆ ಏನೂ ಆಗದಂತೆ ಪೂರ್ತಿ ಓಎಸ್ ಪರೀಕ್ಷಿಸಬಹುದು, ಇದು ಲಿನಕ್ಸಿನಲ್ಲಿ ನನಗೆ ಬಹಳ ಇಷ್ಟವಾದ ಗುಣ. ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರ ಏಪ್ರಿಲ್‌ವರೆಗೆ ಬೆಂಬಲ. ವೈಫೈ, ಧ್ವನಿ, ಪರದೆಯ ಬೆಳಕು ಎಲ್ಲ ಸರಿ ಇದ್ದವು. ಕಗಪ ಕೀಲಿಮಣೆ ಅದರೊಳಗೇ ಇದೆ, ಕನ್ನಡ ಬರೆಯಲು ಬೇರೇನೂ ಹಾಕಬೇಕಾಗಲಿಲ್ಲ. ಅಕ್ಕನ ಹಳೆಯ ಸ್ಕ್ಯಾನರ್ ಜೋಡಿಸಿದ ಕೂಡಲೇ ಕೆಲಸ ಮಾಡಿತು. ಇದನ್ನು ಗುರುತು ಹಾಕಿಕೊಳ್ಳಿ. ಅಡ್ಡಿಯಾದದ್ದು ಲೆಕ್ಕಪತ್ರದ ಪ್ರೋಗ್ರಾಂ. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಮೂಲಕ ಅದು ತೆರೆಯಿತು, ಆದರೆ ವರದಿ ಪ್ರಿಂಟ್ ಮಾಡಲು ಹೋದರೆ ಮುಚ್ಚಿಹೋಗುತ್ತಿತ್ತು. ಅಕ್ಕನ ಅರ್ಧ ಕೆಲಸ ಆ ವರದಿಗಳದೇ. ಆದ್ದರಿಂದ ಈ ಯಂತ್ರಕ್ಕೆ ಲಿನಕ್ಸ್ ಬೇಡ.

"ಆಗುವುದಿಲ್ಲ" ಅಂದದ್ದರ ಹಿಂದೆ

ಉಳಿದದ್ದು ವಿಂಡೋಸ್ 11. ಯಂತ್ರವೇ ಆಗುವುದಿಲ್ಲ ಅನ್ನುತ್ತಿತ್ತಲ್ಲ? ಮೈಕ್ರೋಸಾಫ್ಟಿನ ತಪಾಸಣೆ ಪ್ರೋಗ್ರಾಂ ಪಿಸಿ ಹೆಲ್ತ್ ಚೆಕ್ ಓಡಿಸಿ ಕಾರಣ ಓದಿದೆ. ಪ್ರೊಸೆಸರ್ ಬಗ್ಗೆ ತಕರಾರಿಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಮೇಲಿನವು ಒಪ್ಪಿಗೆಯ ಪಟ್ಟಿಯಲ್ಲಿವೆ, 8250ಯು ಅದರಲ್ಲಿದೆ. ಮೆಮೊರಿ 4 ಜಿಬಿ, ಡಿಸ್ಕ್ 64 ಜಿಬಿ ಇದ್ದರೆ ಸಾಕು, ಅದೂ ಇದೆ. ಕೊರತೆ ಎರಡೇ: ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತಾ ಭಾಗ) ಕಾಣುತ್ತಿಲ್ಲ, ಸೆಕ್ಯೂರ್ ಬೂಟ್ (ಯಂತ್ರ ಆನ್ ಆಗುವಾಗ ನಂಬಿಕೆಯ ತಂತ್ರಾಂಶವನ್ನಷ್ಟೇ ಒಳಬಿಡುವ ಕಾವಲು) ಇಲ್ಲ.

ಈ ಪೀಳಿಗೆಯ ಇಂಟೆಲ್ ಪ್ರೊಸೆಸರಿನ ಜೊತೆಗೇ ಟಿಪಿಎಂ ಬರುತ್ತದೆ, ಅದನ್ನು ಪಿಟಿಟಿ ಅನ್ನುತ್ತಾರೆ. ಎಎಂಡಿಯಲ್ಲಾದರೆ ಎಫ್‌ಟಿಪಿಎಂ. ಬಯೋಸಿನಲ್ಲಿ (ವಿಂಡೋಸಿಗೂ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ) ಅದು ಆಫ್ ಆಗಿತ್ತು, ಅಷ್ಟೇ. ಸೆಕ್ಯೂರ್ ಬೂಟಿನ ಕಥೆ ಸ್ವಲ್ಪ ಉದ್ದ. ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಬಯೋಸ್ ಮೋಡ್ ಮುಂದೆ "ಲೆಗಸಿ" ಅಂತ ಇತ್ತು. ವಿಂಡೋಸ್ ಆಮೇಲೆ ಹಾಕಿಸಿದ್ದು ಅಂದೆನಲ್ಲ, ಹಾಕಿದವರು ಹಳೆಯ ಪದ್ಧತಿಯಲ್ಲಿ ಹಾಕಿದ್ದರು. ಡಿಸ್ಕನ್ನು ಭಾಗ ಮಾಡಿದ್ದು ಎಂಬಿಆರ್ ಅನ್ನುವ ಹಳೆಯ ಮಾದರಿಯಲ್ಲಿ. ಸೆಕ್ಯೂರ್ ಬೂಟ್ ಬೇಕಾದರೆ ಲೆಗಸಿಯ ಬದಲು ಯುಇಎಫ್‌ಐ ಅನ್ನುವ ಹೊಸ ಬೂಟ್ ಪದ್ಧತಿ ಬೇಕು, ಅದರಿಂದ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಮಾದರಿಯಲ್ಲಿರಬೇಕು. ಇಷ್ಟು ವರ್ಷ ಈ ಯಂತ್ರಕ್ಕೆ ಇಲ್ಲದಿದ್ದದ್ದು ಸೆಟ್ಟಿಂಗ್, ಶಕ್ತಿಯಲ್ಲ. ಒಂದು ಸಂದೇಶ ನೋಡಿ ಯಂತ್ರವನ್ನು ಮೂಲೆಗೆ ಹಾಕುವವರು ಈ ಎರಡು ಜಾಗ ನೋಡಿ ಆಮೇಲೆ ನಿರ್ಧರಿಸಲಿ ಅನ್ನುವುದು ನನ್ನ ಕಳಕಳಿ.

ಡಿಸ್ಕನ್ನು ಅಳಿಸದೆ ಜಿಪಿಟಿಗೆ ಬದಲಿಸಲು ಎಂಬಿಆರ್2ಜಿಪಿಟಿ ಅನ್ನುವ ಸಾಧನ ವಿಂಡೋಸಿನಲ್ಲೇ ಇದೆ. ಮುಟ್ಟುವ ಮೊದಲು ಎಸ್‌ಎಸ್‌ಡಿಯ ಇಮೇಜನ್ನು (ಫೈಲಿನ ರೂಪದ ಪೂರ್ತಿ ನಕಲನ್ನು) ಕ್ಲೋನ್‌ಜಿಲ್ಲಾ ಅನ್ನುವ ಪ್ರೋಗ್ರಾಮಿನಿಂದ ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದೆ. ಹಳೆಯ ಡಿಸ್ಕ್ ಇದೆ ನಿಜ, ಆದರೆ ಸಾಯುತ್ತಿರುವ ಡಿಸ್ಕನ್ನೇ ಏಕೈಕ ಆಸರೆ ಮಾಡಿಕೊಳ್ಳುವುದು ಸರಿಯಲ್ಲ.

ಈ ಸಾಧನವನ್ನು ಮೊದಲು ವ್ಯಾಲಿಡೇಟ್ ಮೋಡಿನಲ್ಲಿ ಓಡಿಸಬೇಕು. ಆಗ ಏನನ್ನೂ ಬದಲಿಸದೆ ಆಗುತ್ತದೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಡಿಸ್ಕ್ ಲೇಔಟ್ ಸರಿಯಿಲ್ಲ ಅಂದಿತು. ಕಾರಣ ಡಿ ಡ್ರೈವ್. ಎಂಬಿಆರ್ ಡಿಸ್ಕಿನಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳು (ಮುಖ್ಯ ಭಾಗಗಳು) ಇದ್ದವು: ಸಿಸ್ಟಂ ರಿಸರ್ವ್ಡ್, ಸಿ, ರಿಕವರಿ, ಡಿ. ಈ ಸಾಧನಕ್ಕೆ ಮೂರಕ್ಕಿಂತ ಹೆಚ್ಚಿರಬಾರದು. ಎಕ್ಸ್‌ಟೆಂಡೆಡ್ ಪಾರ್ಟಿಷನ್ ಕೂಡ ಇರಬಾರದು. ಡಿಯಲ್ಲಿದ್ದದ್ದನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸಿ, ಎಣಿಸಿ ತಾಳೆ ನೋಡಿ, ಡಿಯನ್ನು ಅಳಿಸಿದೆ. ಮತ್ತೆ ವ್ಯಾಲಿಡೇಟ್ ಮಾಡಿದಾಗ ಒಪ್ಪಿಕೊಂಡಿತು. ಕನ್ವರ್ಟ್ ಕೊಟ್ಟೆ, ಬಹಳ ಬೇಗ ಮುಗಿಯಿತು.

ಇದಾದ ಮೇಲೆ ಲೆಗಸಿ ಮೋಡಿನಲ್ಲಿ ಬೂಟ್ ಆಗುವುದಿಲ್ಲ. ಹಾಗಾಗಿ ರೀಸ್ಟಾರ್ಟ್ ಮಾಡಿ ನೇರ ಬಯೋಸಿಗೆ ಹೋಗಬೇಕು. ಲೆಗಸಿ ತೆಗೆದು ಯುಇಎಫ್‌ಐ ಮಾಡಿದೆ, ಪಿಟಿಟಿ ಆನ್ ಮಾಡಿದೆ. ವಿಂಡೋಸ್ 10 ಸರಿಯಾಗಿ ಬೂಟ್ ಆದದ್ದು ನೋಡಿದ ಮೇಲೆ ಮತ್ತೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ, ಬೂಟ್ ಆಗದಿದ್ದಾಗ ಯಾವುದರಿಂದ ಅಂತ ತಿಳಿಯುವುದಿಲ್ಲ. ಜಿಪಿಟಿಯಲ್ಲಿ ನಾಲ್ಕೇ ಪಾರ್ಟಿಷನ್ ಅನ್ನುವ ಮಿತಿಯಿಲ್ಲ, ಹಾಗಾಗಿ ಡಿ ಡ್ರೈವನ್ನು ಮತ್ತೆ ಮಾಡಿ ಫೈಲುಗಳನ್ನು ತಂದು ಹಾಕಿದೆ. ನಿಮ್ಮ ಯಂತ್ರದಲ್ಲಿ ಡಿಸ್ಕಿಗೆ ಗುಪ್ತಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯೋಸ್ ಮುಟ್ಟುವ ಮೊದಲು ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ.

ಹೆಲ್ತ್ ಚೆಕ್ ಈಗ ಎಲ್ಲಕ್ಕೂ ಹಸಿರು ತೋರಿಸಿತು.

ಅಪ್‌ಗ್ರೇಡ್, ಮತ್ತು ಸ್ಕ್ಯಾನರ್

ಅಪ್‌ಗ್ರೇಡಿನಲ್ಲಿ ಹೇಳುವಂಥದ್ದು ಕಡಿಮೆ. ಬೇರೆ ಕಂಪನಿಯ ಆಂಟಿವೈರಸ್ ತೆಗೆದೆ, ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ಕಿತ್ತೆ, ವಿಂಡೋಸ್ 11ರ 24ಎಚ್2 ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ತೆರೆದು ಸೆಟಪ್ ಓಡಿಸಿದೆ, ಫೈಲು ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಕೊಟ್ಟೆ. ಮುಗಿದ ಕೂಡಲೇ ಮಾಡಿದ ಕೆಲಸ ಒಂದಿದೆ. ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ ಕೊಡುವ ಗಡುವು 10 ದಿನ. ಡಿಐಎಸ್‌ಎಂ ಆಜ್ಞೆಯಿಂದ ಅದನ್ನು 60 ದಿನದವರೆಗೆ ಏರಿಸಬಹುದು, ಆದರೆ ಆ 10 ದಿನ ಕಳೆಯುವ ಮೊದಲೇ ಏರಿಸಬೇಕು. ಅಕ್ಕನ ತಿಂಗಳ ಕೊನೆಯ ಲೆಕ್ಕ, ವರದಿ ಎಲ್ಲ ಒಂದು ಸುತ್ತು ಬರಬೇಕಾದರೆ 10 ದಿನ ಎಲ್ಲಿ ಸಾಲುತ್ತದೆ?

ಲೆಕ್ಕದ ಪ್ರೋಗ್ರಾಂ ತೆರೆಯಿತು, ವರದಿಯೂ ಪ್ರಿಂಟ್ ಆಯಿತು. ಸ್ಟಾರ್ಟ್ ಬಟನ್ನು ನಡುವೆ ಹೋದದ್ದು ಅಕ್ಕನಿಗೆ ಹಿಡಿಸಲಿಲ್ಲ, ಸೆಟ್ಟಿಂಗಿನಲ್ಲಿ ಎಡಕ್ಕೆ ತಂದೆ. ತೊಡಕು ಬಂದದ್ದು ಸ್ಕ್ಯಾನರಿನಿಂದ. ಸ್ಕ್ಯಾನ್ ಆಗುತ್ತಿತ್ತು, ಆದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಮಾಡಲು ಹೋದರೆ ಹೊಂದದ ಡ್ರೈವರ್ (ಜೋಡಿಸಿದ ಸಾಧನವನ್ನು ನಡೆಸುವ ತಂತ್ರಾಂಶ) ಇದೆ ಅಂತ ನಿಲ್ಲಿಸಿತು. ಹೆಸರು ನೋಡಿದರೆ ಸ್ಕ್ಯಾನರಿನ ಡ್ರೈವರ್. ತಯಾರಕರು ಅದನ್ನು ಹೊಸದಾಗಿಸುವುದನ್ನು ಬಿಟ್ಟು ಬಹಳ ಕಾಲವಾಗಿದೆ.

ಮೆಮೊರಿ ಇಂಟೆಗ್ರಿಟಿ ಅನ್ನುವುದು ಕೆಟ್ಟ ಡ್ರೈವರ್‌ಗಳು ವಿಂಡೋಸಿನ ತಿರುಳಾದ ಕರ್ನೆಲ್ಲಿನೊಳಗೆ ನುಸುಳದಂತೆ ತಡೆಯುವ ಕಾವಲು. ಭದ್ರತೆಗಾಗಿಯೇ ಇಷ್ಟೆಲ್ಲ ಮಾಡಿ ಕಾವಲನ್ನು ಆಫ್ ಮಾಡಿ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಸ್ಕ್ಯಾನರ್ ಎಸೆಯುವುದೂ ಸರಿಯಲ್ಲ, ಗಾಜು, ದೀಪ, ಮೋಟಾರ್ ಎಲ್ಲ ಗಟ್ಟಿಯಾಗಿವೆ. ಲೈವ್ ಲಿನಕ್ಸಿನಲ್ಲಿ ಅದು ಸಲೀಸಾಗಿ ನಡೆದದ್ದನ್ನು ನೋಡಿದ್ದೆನಲ್ಲ, ಹಾಗಾಗಿ ತಯಾರಕರ ಡ್ರೈವರ್ ಇಲ್ಲದೆಯೂ ಅದನ್ನು ಮಾತಾಡಿಸಬಹುದು ಅನ್ನುವುದು ಖಾತ್ರಿಯಿತ್ತು. ಹಳೆಯ ಡ್ರೈವರನ್ನು ವಿಂಡೋಸಿನದೇ ಸಾಧನವಾದ ಪಿಎನ್‌ಪಿಯುಟಿಲ್‌ನಿಂದ ಬೇರುಸಹಿತ ಕಿತ್ತು, ವ್ಯೂಸ್ಕ್ಯಾನ್ ಹಾಕಿದೆ. ಹಳೆಯ ಸ್ಕ್ಯಾನರ್‌ಗಳನ್ನು ನಡೆಸುವುದಕ್ಕೆಂದೇ ಹೆಸರಾದ ಪ್ರೋಗ್ರಾಂ ಅದು. ಸ್ಕ್ಯಾನರೂ ಉಳಿಯಿತು, ಮೆಮೊರಿ ಇಂಟೆಗ್ರಿಟಿಯೂ ಆನ್ ಆಯಿತು.

ತಿಂಗಳ ಲೆಕ್ಕ ಮುಗಿಸಿದ ಮೇಲೆ ಅಕ್ಕನೇ ಹೇಳಿದಳು, "ಇದೇ ಇರಲಿ ಬಿಡು."

ಇದೇ ಪರೀಕ್ಷೆಯನ್ನು ಮನೆಯ ಇನ್ನೊಂದು ಹಳೆಯ ಡೆಸ್ಕ್‌ಟಾಪಿಗೂ ಮಾಡಿದೆ. ಇಂಟೆಲ್‌ನ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರಿನ ಯಂತ್ರ. ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ, ಇನ್‌ಸ್ಟಾಲ್ ಪೆನ್ ಡ್ರೈವ್ ತಯಾರಿಸುವ ರೂಫಸ್‌ನಲ್ಲೇ ಆ ಆಯ್ಕೆ ಇದೆ. ಆದರೆ 24ಎಚ್2ರಿಂದ ಪಾಪ್‌ಕೌಂಟ್ ಎಂಬ ಆಜ್ಞೆಯನ್ನು ನಡೆಸುವ ಸಾಮರ್ಥ್ಯ ಪ್ರೊಸೆಸರಿನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದಿಲ್ಲ, ಯಾವ ಉಪಾಯದಿಂದಲೂ ಬೂಟ್ ಆಗುವುದಿಲ್ಲ. ಅದರ ಕೆಲಸ ಬ್ರೌಸರ್ ಮತ್ತು ಟೈಪಿಂಗ್ ಮಾತ್ರ, ಹಾಗಾಗಿ ಅದಕ್ಕೆ ಮಿಂಟ್ ಹಾಕಿದೆ. ಪ್ರೊಸೆಸರ್ ಸ್ವಲ್ಪ ಹೊಸದಾಗಿದ್ದು, ಪಟ್ಟಿಯ ಹೊರಗಷ್ಟೇ ಇದ್ದರೂ ಬೇರೆಯವರ ಯಂತ್ರಕ್ಕೆ ನಾನು ಆ ಉಪಾಯ ಮಾಡುವುದಿಲ್ಲ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಹೊರಟವರಿಗೆ ಅದು ಯಾಕೆ ಬೇಕು, ಅಲ್ವಾ?

ಅಕ್ಕನ ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಕೆಲಸ ಬಾಕಿ ಇದೆ. 24ಎಚ್2ರ ಹೋಮ್ ಆವೃತ್ತಿಗೂ ಬೆಂಬಲ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಅದಕ್ಕೆ ಮೊದಲು 25ಎಚ್2ಗೆ ಹೋಗಬೇಕು. ಅದು 24ಎಚ್2ರ ಮೇಲೆ ಕೂರುವ ಚಿಕ್ಕ ಪ್ಯಾಕೇಜಾಗಿ ಬರುತ್ತದೆ, ಇಷ್ಟು ದೊಡ್ಡ ಕೆಲಸವಲ್ಲ. ಆದರೂ ಹಾಕುವ ಮೊದಲು ಸಿ ಡ್ರೈವಿನ ಹೊಸ ಇಮೇಜ್ ತೆಗೆಯುತ್ತೇನೆ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ.